ಪುಕ್ಕಟೆ ಉಳಿಯೋದು ಹೇಗೆ ಎಂದು ಕೇಳುವವರಿಗೆ

"ಫಾರಿನ್ನಲ್ಲಿ ಪುಕ್ಕಟೆ ಉಳ್ಕೊಳ್ಳೋಕೆ ಜನರನ್ನ ಹೇಗೆ ಹಿಡೀತೀರ?" ಕಿರ್ಗಿಸ್ತಾನಕ್ಕೆ ಒಬ್ಬಳೇ ಹೋಗಿ ಬಂದ ಮೇಲೆ ಮದುವೆಮನೆ, ಆಫೀಸು, ಪಕ್ಕದ ಮನೆ ಎಲ್ಲ ಕಡೆಯೂ ಇದೇ ಪ್ರಶ್ನೆ. ಮೊದಲು ಭಯ ಆಗಲಿಲ್ವಾ ಅನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಇಲ್ಲಿಗೆ ಬಂದಿರುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ನಾನು ಯಾರನ್ನೂ ಹಿಡಿಯುವುದಿಲ್ಲ. ದುಡ್ಡು ಕೊಟ್ಟು ಉಳಿಯುತ್ತೇನೆ. ಕಡಿಮೆ ಖರ್ಚಿನಲ್ಲಿ ತಿರುಗಾಡುವ ದಾರಿ ಬೇರೆಯೇ ಇದೆ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ದೆಹಲಿಯಿಂದ ಅಲ್ಲಿಯ ರಾಜಧಾನಿ ಬಿಷ್ಕೆಕ್‌ಗೆ ನೇರ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ವೀಸಾ ಆನ್‌ಲೈನಲ್ಲೇ ಆಗುತ್ತದೆ. ಊರಿಂದೂರಿಗೆ ಮರ್ಶ್ರುತ್ಕಾ ಅನ್ನುವ ಮಿನಿಬಸ್ಸುಗಳಿವೆ, ಸೀಟಿಗಿಷ್ಟು ಎಂದು ಹಂಚಿಕೊಂಡು ಹೋಗುವ ಟ್ಯಾಕ್ಸಿಗಳಿವೆ. ಈಚಿನ ವರ್ಷಗಳಲ್ಲಿ ಒಂದು ಸೋಮ್ ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ, ಹಾಗಾಗಿ ಲೆಕ್ಕ ತಪ್ಪುವ ಹೆದರಿಕೆಯೂ ಇಲ್ಲ. ಉಳಿಯಲು ಮನೆಗಳು ಬೇಕೆಂದರೆ ಸಿಬಿಟಿ (ಕಮ್ಯುನಿಟಿ ಬೇಸ್ಡ್ ಟೂರಿಸಂ) ಎಂಬ ವ್ಯವಸ್ಥೆಯಿದೆ. ಸ್ವಿಟ್ಜರ್ಲೆಂಡಿನ ಹೆಲ್ವೆಟಾಸ್ ಸಂಸ್ಥೆಯ ನೆರವಿನಿಂದ 2000ದ ಸುಮಾರಿಗೆ ಕೊಚ್ಕೋರ್ ಎಂಬ ಊರಿನಲ್ಲಿ ಶುರುವಾದದ್ದು. ಹಳ್ಳಿಯ ಕುಟುಂಬಗಳೇ ತಮ್ಮ ಮನೆಯ ಕೋಣೆ, ಹುಲ್ಲುಗಾವಲಿನ ಯುರ್ತ್ ಡೇರೆ ಬಾಡಿಗೆಗೆ ಕೊಡುತ್ತವೆ. ರಾತ್ರಿಯ ಊಟ, ಬೆಳಗಿನ ತಿಂಡಿ ಸೇರಿ ನಾನು ಕೊಟ್ಟದ್ದು ಎರಡು ಸಾವಿರ ಸೋಮ್ ಆಸುಪಾಸು. ಆ ಹಣ ಅವರ ಮಕ್ಕಳ ಓದಿಗೆ, ಚಳಿಗಾಲದ ಮೇವಿಗೆ ಹೋಗುತ್ತದೆ. ಅದನ್ನೂ ಉಳಿಸಬೇಕೆನ್ನುವವರು ಬೇರೆ ಯಾರನ್ನಾದರೂ ಕೇಳಲಿ.

ಹಾಗಿದ್ದರೆ ಪುಕ್ಕಟೆಯ ಮಾತು ಎಲ್ಲಿಂದ ಬಂತು? ಒಂದು ರಾತ್ರಿಯಿಂದ. ಅದರ ಕಥೆಯನ್ನು ನಾನೇ ಸಂಭ್ರಮದಿಂದ ಎಲ್ಲರಿಗೂ ಹೇಳಿದ್ದೆ.

ಸೋನ್ ಕುಲ್ 3,016 ಮೀಟರ್ ಎತ್ತರದಲ್ಲಿರುವ ಸರೋವರ. ಸುತ್ತ ಒಂದು ಮರವಿಲ್ಲ, ಕಾಯಂ ಊರಿಲ್ಲ. ಜೂನ್‌ನಲ್ಲಿ ಕುರುಬರು ಕುದುರೆ, ಕುರಿ, ದನಗಳನ್ನು ಹೊಡೆದುಕೊಂಡು ಬಂದು ಡೇರೆ ಹಾಕುತ್ತಾರೆ, ಸೆಪ್ಟೆಂಬರಿನಲ್ಲಿ ಬಿಚ್ಚಿಕೊಂಡು ಇಳಿಯುತ್ತಾರೆ. ಕಿಜಾರ್ಟ್ ಎಂಬ ಹಳ್ಳಿಯ ಕಡೆಯಿಂದ ನಡೆದು ಹೋಗುತ್ತಿದ್ದೆ. ಮಧ್ಯಾಹ್ನದ ಮೇಲೆ ಆಕಾಶ ಕಪ್ಪಿಟ್ಟು ಆಲಿಕಲ್ಲು ಬೀಳತೊಡಗಿತು. ಜುಲೈ ತಿಂಗಳು, ಆದರೂ ಬೆರಳುಗಳು ಮಡಚದಷ್ಟು ಚಳಿ. ನಾನು ಹೇಳಿಟ್ಟಿದ್ದ ಡೇರೆ ಇನ್ನೂ ದೂರವಿತ್ತು. ದಾರಿಯ ಬದಿಯ ಇಳಿಜಾರಿನಲ್ಲಿ ಒಂಟಿ ಯುರ್ತ್ ಒಂದಿತ್ತು. ಬೋರ್ಡಿಲ್ಲ, ಪ್ರವಾಸಿಗರಿಗೆಂದು ಹಾಕಿದ್ದಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸು ಎರಡೂ ಕೈ ಬೀಸಿ ಕರೆದರು. ಹತ್ತಿರ ಹೋದ ಕೂಡಲೇ ತೋಳು ಹಿಡಿದು ಒಳಗೆಳೆದುಕೊಂಡರು.

ಅಲ್ಲಿ ಹಿರಿಯ ಹೆಂಗಸರನ್ನು ಅಪಾ ಎನ್ನುತ್ತಾರೆ. ಅಪಾ ನನ್ನ ಒದ್ದೆ ಸಾಕ್ಸ್ ಬಿಚ್ಚಿಸಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು. ಒಲೆಗೆ ಬೆರಣಿಯೇ ಉರುವಲು. ಬಟ್ಟೆ ಹಾಸಿ ರೊಟ್ಟಿ, ಕರಿದ ಬೋರ್ಸೋಕ್, ಕೆನೆ, ಜಾಮ್ ಇಟ್ಟರು. ಚಹಾ ಮಾತ್ರ ಅರ್ಧ ಬಟ್ಟಲು. ಕುಡಿದಂತೆಲ್ಲ ಮತ್ತೆ ಅರ್ಧ ಸುರಿಯುತ್ತ ಅತಿಥಿಯನ್ನು ಕೂರಿಸಿಕೊಳ್ಳುವುದು ಅಲ್ಲಿಯ ರೀತಿ. ತುಂಬಿದ ಬಟ್ಟಲು ಬಂದರೆ ಇನ್ನು ಏಳಬಹುದು ಎಂದರ್ಥವಂತೆ. ನನಗೆ ತುಂಬಿದ ಬಟ್ಟಲು ಬರಲೇ ಇಲ್ಲ.

ಸೊಸೆಗೆ ಶಾಲೆಯಲ್ಲಿ ಕಲಿತ ಒಂದಿಷ್ಟು ಇಂಗ್ಲಿಷ್ ಇತ್ತು. ಇಂಡಿಯಾ ಅಂದದ್ದೇ ತಡ, ಡಾಕ್ಟರಾ ಎಂದಳು. ಬಿಷ್ಕೆಕ್‌ನಲ್ಲಿ ನಮ್ಮ ಸಾವಿರಾರು ಮಕ್ಕಳು ಎಂಬಿಬಿಎಸ್ ಓದುತ್ತಾರಲ್ಲ, ಕರ್ನಾಟಕದವರೂ ಇದ್ದಾರೆ. ಅವರು ಕಂಡ ಭಾರತೀಯರೆಲ್ಲ ವೈದ್ಯರೇ. ನಾನು ಅಲ್ಲ ಅನ್ನುವಷ್ಟರಲ್ಲಿ ಅಪಾ ಲಂಗ ಮೇಲೆತ್ತಿ ಊದಿದ ಮಂಡಿ ತೋರಿಸಿದ್ದರು. ಲೆಕ್ಕಪತ್ರ ಬರೆಯುವವಳು ಎಂದು ತಿಳಿಸಿದ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮಾಂಸ ತಿನ್ನುವುದಿಲ್ಲ ಎಂದಾಗ ಮಾತ್ರ ಅವರ ಮುಖ ಬಾಡಿತು. ಕಾಯಿಲೆಯಾ ಎಂದು ಕೇಳಿದರು, ಆಮೇಲೆ ಎದ್ದು ಆಲೂಗಡ್ಡೆ ಹೆಚ್ಚಿ ನನಗೆಂದೇ ಬೇರೆ ಬಾಣಲೆಯಲ್ಲಿ ಹುರಿದರು. ರಾತ್ರಿ ಹೊರಗೆ ಹಿಮ ಬಿತ್ತು. ಎಚ್ಚರವಾದಾಗ ಅಪಾ ಒಲೆಗೆ ಮತ್ತೆ ಬೆರಣಿ ಹಾಕುತ್ತಿದ್ದರು, ನನ್ನ ಮೈಮೇಲೆ ಅವರದೇ ಕೋಟಿತ್ತು.

ಬೆಳಿಗ್ಗೆ ಹಣ ಚಾಚಿದೆ. ಕೈ ಮಡಚಿ ಹಿಂದಕ್ಕೆ ತಳ್ಳಿದರು. ಮತ್ತೆ ಚಾಚಿದ್ದಕ್ಕೆ ಸಿಟ್ಟಾದರು.

ಈಗ ಹೇಳಿ, ಇದನ್ನು ಎರಡು ಸಾವಿರ ಉಳಿತಾಯ ಎಂದು ಹೇಗೆ ಬರೆದುಕೊಳ್ಳಲಿ? ಆ ಹಿಟ್ಟು ಕಣಿವೆದಾರಿ ಹತ್ತಿ ಬಂದದ್ದು. ಆಲೂಗಡ್ಡೆ ಅಲ್ಲಿ ಬೆಳೆಯುವುದಿಲ್ಲ. ಆ ಬೆರಣಿ ಅವರು ಬೇಸಿಗೆಯಿಡೀ ಆಯ್ದು ಒಣಗಿಸಿದ್ದು. ಅಷ್ಟೆಲ್ಲ ಒಬ್ಬರು ಕೊಟ್ಟಿದ್ದಾರೆ, ಅವರಿಗೆ ಅದು ಪುಕ್ಕಟೆ ಬಿದ್ದಿಲ್ಲ. ಚಳಿಗೆ ಸಿಕ್ಕವಳನ್ನು ಒಳಗೆ ಕರೆದವರ ಮನೆಯನ್ನು ಅಗ್ಗದ ಲಾಡ್ಜ್ ಹುಡುಕುವ ಹಾಗೆ ಹುಡುಕಿಕೊಂಡು ಹೋಗುತ್ತೇವೆ ಅಂದರೆ ನನಗೆ ಕೋಪ ಬರುತ್ತದೆ, ಬರಲಿ. ಪ್ರವಾಸಿಗರನ್ನು ಮನೆಯಲ್ಲಿ ಉಳಿಸಿಕೊಳ್ಳುವವರನ್ನು ಹುಡುಕಿಕೊಡುವ ಕೌಚ್‌ಸರ್ಫಿಂಗ್ ಎಂಬ ವೆಬ್‌ಸೈಟ್ ಬಗ್ಗೆ ಕೇಳುವವರಿಗೂ ಇದೇ ಮಾತು. 2004ರಿಂದ ಅದು ನಡೆಯುತ್ತಿದೆ, 2020ರಿಂದ ಹಲವು ದೇಶಗಳವರಿಗೆ ಸದಸ್ಯತ್ವಕ್ಕೆ ಶುಲ್ಕವಿದೆ. ಮನೆ ತೆರೆದಿಡುವವರು ಜೊತೆಗೆ ಕೂತು ಮಾತಾಡುವವರು ಬರಲಿ ಎಂದು ತೆರೆದಿಟ್ಟಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಂದು ಮಲಗಿ ಬೆಳಿಗ್ಗೆ ಆರಕ್ಕೆ ಹೊರಡುವವರು ಹಾಸ್ಟೆಲಿಗೆ ಹೋಗಲಿ.

ಇಷ್ಟೆಲ್ಲ ಕೇಳಿದವರಲ್ಲಿ ಒಬ್ಬರಾದರೂ ಅಪಾ ಬಗ್ಗೆ ಕೇಳಬಹುದಿತ್ತು. ಆ ಹೆಂಗಸಿನ ದಿನ ಹೇಗಿರುತ್ತೆ ಎಂದು. ಹೇಳುತ್ತೇನೆ. ಕುದುರೆಯ ಹಾಲನ್ನು ಹಸುವಿನ ಹಾಗೆ ಎರಡು ಹೊತ್ತು ಕರೆದರೆ ಆಗುವುದಿಲ್ಲ. ಅದರ ಕೆಚ್ಚಲು ಚಿಕ್ಕದು, ಎರಡೆರಡು ಗಂಟೆಗೊಮ್ಮೆ ಕರೆಯಬೇಕು. ಮರಿಗಳನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿರುತ್ತಾರೆ, ತಾಯಂದಿರು ಅಲ್ಲಿಗೇ ಬರುತ್ತವೆ. ಒಂದು ಮಂಡಿಯೂರಿ ಇನ್ನೊಂದು ತೊಡೆಯ ಮೇಲೆ ಬಕೆಟ್ ಇಟ್ಟು ಕರೆಯಬೇಕು. ಅಪಾ ಮಂಡಿ ಊದಿದ್ದು ಯಾಕೆಂದು ನನಗೆ ಮರುದಿನ ಬೆಳಿಗ್ಗೆ ಗೊತ್ತಾಯಿತು. ಆ ಹಾಲು ಹುದುಗಿ ಕುಮಿಸ್ ಎಂಬ ಹುಳಿ ಪಾನೀಯ ಆಗಬೇಕಾದರೆ ದಿನವಿಡೀ ಕಡೆಯುತ್ತಿರಬೇಕು. ನಡುವೆ ರೊಟ್ಟಿ ಸುಡಬೇಕು, ನೀರು ಹೊರಬೇಕು, ಮೊಮ್ಮಗಳ ತಲೆ ಬಾಚಬೇಕು. ಮಗ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಆ ದೇಶದಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ಸೆಪ್ಟೆಂಬರಿನಲ್ಲಿ ಶಾಲೆ ಶುರು, ಅಷ್ಟರಲ್ಲಿ ಮೊಮ್ಮಗಳನ್ನು ಕೊಚ್ಕೋರ್‌ಗೆ ಇಳಿಸಬೇಕು. ಇಷ್ಟರ ನಡುವೆ ಅವರು ನನಗೆ ಒಂದು ಸಂಜೆ, ಒಂದು ರಾತ್ರಿ ಕೊಟ್ಟರು.

ಹಣ ಬೇಡವೆಂದ ಅಪಾ ಒಂದು ಮಾತ್ರ ಕೇಳಿದರು. ಸೊಸೆ, ಮೊಮ್ಮಗಳ ಜೊತೆ ನಿಂತು ಫೋಟೋ ತೆಗೆಸಿಕೊಂಡು, ಕಾಗದದ ಮೇಲೆ ಬೇಕು ಎಂದರು. ಫೋನಿನಲ್ಲಿದ್ದದ್ದು ಫೋನ್ ಕೆಟ್ಟರೆ ಹೋಗುತ್ತೆ ಅಂತ. ಸೊಸೆಯ ನಂಬರ್ ನನ್ನ ಬಳಿ ಇದೆ. ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದ್ದೇನೆ, ಮಂಡಿಗೆ ಹಚ್ಚಲು ನೋವಿನ ಎಣ್ಣೆಯ ಒಂದು ಬಾಟಲಿಯನ್ನೂ ಕಟ್ಟಿಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಬರುವ ಬೇಸಿಗೆಗೆ ಕೊಚ್ಕೋರ್ ಕಡೆ ಹೋಗುವವರಿದ್ದರೆ ತಿಳಿಸಿ. ಪೊಟ್ಟಣ ಅರ್ಧ ಕೆಜಿಯೂ ಇಲ್ಲ. ಎಲ್ಲಿ ಉಳಿಯಬೇಕು, ಎಷ್ಟು ಕೊಡಬೇಕು ಎಂಬುದನ್ನೆಲ್ಲ ಕೂರಿಸಿಕೊಂಡು ಹೇಳಿಕೊಡುತ್ತೇನೆ.