ಹೊಸ ರೌಟರ್ ಬಂತು, ಕೇಬಲ್ ಸ್ಪೀಡ್ 94ಕ್ಕೆ ನಿಂತಿತು

ಶನಿವಾರ

ರೌಟರ್ ಬದಲಾಯಿಸಿದ್ದು ವೈ-ಫೈಗೋಸ್ಕರ. ಹಳೆಯದರ ಸಿಗ್ನಲ್ ಹಿಂದಿನ ಕೋಣೆ ಮುಟ್ಟುತ್ತಿರಲಿಲ್ಲ. ಕೇಬಲ್ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ನನ್ನದು 500 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಪ್ಲಾನ್, ಡೆಸ್ಕ್‌ಟಾಪ್‌ಗೆ ಕೇಬಲ್‌ನಲ್ಲಿ 480ರ ಆಸುಪಾಸು ಸಿಗುತ್ತಿತ್ತು.

ಹೊಸದನ್ನು ಸ್ವಲ್ಪ ಎತ್ತರದಲ್ಲಿ, ಕಪಾಟಿನ ಮೇಲೆ ಇಟ್ಟೆ. ಅದಕ್ಕೆ ಡೆಸ್ಕ್‌ಟಾಪ್‌ನಿಂದ ಬರುವ ಹಳೆಯ ಉದ್ದದ ಕೇಬಲ್ಲನ್ನೇ ಸ್ವಲ್ಪ ಎಳೆದು ಮೇಲೆ ತಂದೆ. ಸೆಟಪ್ ಹತ್ತು ನಿಮಿಷದಲ್ಲಿ ಮುಗಿಯಿತು. ವಿಡಿಯೋ ಕರೆಗಳಿಗೆ ಆದ್ಯತೆ ಕೊಡಬೇಕೇ ಎಂದು ಅದೇ ಕೇಳಿತು, ಹೂಂ ಅಂದೆ. ಫೋನಿನಲ್ಲಿ 310 ಬಂತು. ಹಿಂದಿನ ಕೋಣೆಯಲ್ಲೂ ಸಿಗ್ನಲ್ ಗಟ್ಟಿಯಾಗಿತ್ತು. ತುಂಬಾ ಖುಷಿಯಾಯಿತು.

ಸಂಜೆ ಡೆಸ್ಕ್‌ಟಾಪ್‌ನಲ್ಲಿ ದೊಡ್ಡ ಫೈಲ್ ಇಳಿಸುವಾಗ ನೋಡಿದರೆ ಸೆಕೆಂಡಿಗೆ 11 ಮೆಗಾಬೈಟ್. ಮೊದಲು 55ಕ್ಕಿಂತ ಜಾಸ್ತಿಯೇ ಇರುತ್ತಿತ್ತು. ಸ್ಪೀಡ್ ಟೆಸ್ಟ್ ಮೂರು ಸಲ ಓಡಿಸಿದೆ. 94.1, 93.9, 94.2.

ಭಾನುವಾರ

ರೌಟರ್‌ನದೇ ತಪ್ಪೋ, ಲೈನ್‌ನದೋ ತಿಳಿಯಬೇಕಿತ್ತು. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಹೊಸ ರೌಟರ್ ಜೊತೆ ಬಂದಿದ್ದ ಗಿಡ್ಡ ಕೇಬಲ್‌ನಿಂದ ನೇರ ಫೈಬರ್ ಬಾಕ್ಸ್‌ಗೆ ಚುಚ್ಚಿದೆ. 485. ಲೈನ್ ಚೆನ್ನಾಗಿದೆ. ಹಾಗಾದರೆ ರೌಟರ್ ಕೆಟ್ಟಿದೆ ಎಂದು ನಿರ್ಧರಿಸಿಬಿಟ್ಟೆ.

ರೌಟರ್ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಅಪ್‌ಡೇಟ್ ಮಾಡಿದೆ. ಫ್ಯಾಕ್ಟರಿ ರೀಸೆಟ್ ಮಾಡಿ ಮೊದಲಿನಿಂದ ಸೆಟಪ್ ಮಾಡಿದೆ, ಅದೇ ಪ್ರಶ್ನೆಗೆ ಮತ್ತೆ ಹೂಂ ಅಂದೆ. ಲ್ಯಾನ್ ಪೋರ್ಟ್‌ಗಳನ್ನು (ಮನೆಯ ಕಂಪ್ಯೂಟರ್‌ಗಳ ಕೇಬಲ್ ಚುಚ್ಚುವ ಕಿಂಡಿಗಳು) ಒಂದೊಂದಾಗಿ ಬದಲಾಯಿಸಿದೆ. ನಾಲ್ಕರಲ್ಲೂ 94. ಅರ್ಧ ದಿನ ಹೋಯಿತು. ವಾಪಸ್ ಕೊಟ್ಟುಬಿಡೋಣ ಎಂದು ಡಬ್ಬಿಯನ್ನೂ ಹುಡುಕಿ ಇಟ್ಟೆ.

ಸೋಮವಾರ, ರಾತ್ರಿ

ಕೆಲಸದ ನಡುವೆ ಆ 94 ತಲೆಯಲ್ಲೇ ಸುತ್ತುತ್ತಿತ್ತು. ಲೈನ್ ನಿಧಾನವಾಗಿದ್ದರೆ, ಜನ ಜಾಸ್ತಿ ಬಳಸುತ್ತಿದ್ದರೆ, ಸಂಖ್ಯೆ ಏರಿಳಿಯಬೇಕು. ಇದು ಬೆಳಗ್ಗೆಯೂ 94, ರಾತ್ರಿಯೂ 94. ಎಲ್ಲೋ ಗೋಡೆಗೆ ತಾಗಿ ನಿಂತ ಹಾಗಿದೆ.

ಲೆಕ್ಕ ಹಾಕಿದೆ. ಈಥರ್ನೆಟ್‌ನಲ್ಲಿ, ಅಂದರೆ ಈ ಕೇಬಲ್ ಜಾಲದಲ್ಲಿ, ಡೇಟಾ ಹೋಗುವುದು ಫ್ರೇಮ್ ಎಂಬ ಕಟ್ಟುಗಳಲ್ಲಿ. ಪೂರ್ತಿ ತುಂಬಿದ ಒಂದು ಫ್ರೇಮ್, ಮುಂದಿನ ಪೀಠಿಕೆ ಮತ್ತು ಹಿಂದಿನ ಖಾಲಿ ಜಾಗ ಸೇರಿ, ತಂತಿಯ ಮೇಲೆ 1538 ಬೈಟ್‌ಗಳ ಜಾಗ ತಿನ್ನುತ್ತದೆ. ಅದರಲ್ಲಿ ನಮ್ಮ ಫೈಲಿನ ಭಾಗ ಸಾಮಾನ್ಯವಾಗಿ 1448 ಬೈಟ್. ಉಳಿದದ್ದು ವಿಳಾಸ, ತಪಾಸಣೆ ಇತ್ಯಾದಿ. 1448ನ್ನು 1538ರಿಂದ ಭಾಗಿಸಿದರೆ 0.941. ಅಂದರೆ 94.1 ಎಂಬುದು 100 ಎಂಬಿಪಿಎಸ್ ಲಿಂಕ್ ತುಂಬಿ ಹರಿಯುವಾಗ ಕಾಣುವ ಸಂಖ್ಯೆ! ಇದು ಗೊತ್ತಾದಾಗ ಮೈ ಜುಮ್ಮೆಂದಿತು. ಇಂಟರ್ನೆಟ್ಟಿಗೆ ಏನೂ ಆಗಿಲ್ಲ. ಡೆಸ್ಕ್‌ಟಾಪ್ ಮತ್ತು ರೌಟರ್ ತಮ್ಮ ನಡುವೆ ಗಿಗಾಬಿಟ್ (1000 ಎಂಬಿಪಿಎಸ್) ಬಿಟ್ಟು 100ಕ್ಕೆ ಇಳಿದಿವೆ.

ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ಲಿಂಕ್‌ನ ವಿವರ ತೋರಿಸುವ ಈಥ್‌ಟೂಲ್ ಓಡಿಸಿ ನೋಡಿದೆ: ಸ್ಪೀಡ್ 100. ಕರ್ನಲ್ ಲಾಗ್ (ಸಿಸ್ಟಂ ತಾನೇ ಬರೆದಿಡುವ ದಾಖಲೆ) ತೆರೆದರೆ ಅಲ್ಲೇ ಕೂತಿತ್ತು, 1 ಗಿಗಾಬಿಟ್‌ನಿಂದ 100 ಮೆಗಾಬಿಟ್‌ಗೆ ಡೌನ್‌ಶಿಫ್ಟ್ ಆಗಿದೆ, ಕೇಬಲ್ ನೋಡಿ ಎಂಬ ಸಾಲು. ಎರಡು ದಿನದಿಂದ ಪ್ರತಿ ಸಲ ಚುಚ್ಚಿದಾಗಲೂ ಬರೆಯುತ್ತಲೇ ಇತ್ತು. (ವಿಂಡೋಸ್‌ನಲ್ಲಾದರೆ ಈಥರ್ನೆಟ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ಕಾಣುತ್ತದೆ. ಸ್ಪೀಡ್ ಟೆಸ್ಟ್‌ಗಿಂತ ಮೊದಲು ಅಲ್ಲಿ ನೋಡಿ.)

ಭಾನುವಾರದ ಎಡವಟ್ಟು ಆಗ ಅರ್ಥವಾಯಿತು. ನೇರ ಚುಚ್ಚಿ ನೋಡಿದಾಗ ರೌಟರನ್ನು ಮಾತ್ರ ತೆಗೆದಿರಲಿಲ್ಲ, ಕೇಬಲ್ಲನ್ನೂ ಕಂಪ್ಯೂಟರನ್ನೂ ಬದಲಾಯಿಸಿದ್ದೆ. ಆ 485 ರೌಟರ್ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಮಂಗಳವಾರ

ಕೇಬಲ್ ಟೆಸ್ಟರ್ ಎರವಲು ತಂದೆ. ಎರಡು ತುದಿಗೆ ಎರಡು ಡಬ್ಬಿ, ಎಂಟು ದೀಪ ಸಾಲಾಗಿ ಹೊತ್ತಬೇಕು. 1, 2, 3, 4, 5, 6, ಆಮೇಲೆ 8. ಏಳನೆಯದು ಹೊತ್ತಲಿಲ್ಲ. ರೌಟರ್ ಕಡೆಯ ಕನೆಕ್ಟರ್ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿದರೆ ಏಳನೆಯದೂ ಹೊತ್ತುತ್ತದೆ, ಬಿಟ್ಟರೆ ಆರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಇದು ನನಗೆ ತುಂಬಾ ಇಷ್ಟವಾದ ಭಾಗ. ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, 1-2 ಮತ್ತು 3-6. ಒಂದು ಹೋಗಲು, ಒಂದು ಬರಲು. 1999ರಲ್ಲಿ ಬಂದ ಗಿಗಾಬಿಟ್ ಸ್ಟ್ಯಾಂಡರ್ಡ್‌ಗೆ ನಾಲ್ಕೂ ಜೋಡಿ ಬೇಕು. ಪ್ರತಿ ಜೋಡಿಯಲ್ಲೂ 250 ಎಂಬಿಪಿಎಸ್, ಅದೂ ಒಂದೇ ಹೊತ್ತಿಗೆ ಎರಡೂ ದಿಕ್ಕಿನಲ್ಲಿ. ಆದರೆ ನಿನಗೆಷ್ಟು ಸ್ಪೀಡ್ ಬರುತ್ತದೆ, ನನಗೆಷ್ಟು ಎಂಬ ಮೊದಲ ಮಾತುಕತೆ ನಡೆಯುವುದು ಆ ಎರಡು ಜೋಡಿಯ ಮೇಲೇ. ಅವು ಚೆನ್ನಾಗಿದ್ದವು. ಹಾಗಾಗಿ ಎರಡೂ ಕಡೆ ಗಿಗಾಬಿಟ್‌ಗೆ ಒಪ್ಪಿಕೊಳ್ಳುತ್ತಿದ್ದವು. ಆಮೇಲೆ ನಾಲ್ಕೂ ಜೋಡಿ ಬಳಸಿ ಹೊಂದಿಸಿಕೊಳ್ಳಲು ಹೋದಾಗ ಕಂದು ಜೋಡಿ, ಅಂದರೆ 7-8, ಕೈಕೊಡುತ್ತಿತ್ತು. ಕೆಲವು ಸಲ ಪ್ರಯತ್ನಿಸಿ, ಆಗದಿದ್ದಾಗ 100ಕ್ಕೆ ಇಳಿಯುತ್ತಿದ್ದವು. ಅದಕ್ಕೇ ಲಿಂಕ್ ಒಂದು ಸಲವೂ ಕಡಿಯಲಿಲ್ಲ, ಎರರ್ ಬರಲಿಲ್ಲ, ದೀಪ ಸುಮ್ನೆ ಹಸಿರಾಗಿ ಮಿನುಗುತ್ತಿತ್ತು.

ಹಳೆಯ ರೌಟರ್ ಇದ್ದಾಗ ಕೇಬಲ್ ಸಡಿಲವಾಗಿ ಕೆಳಗೆ ಬಿದ್ದಿರುತ್ತಿತ್ತು. ಕಪಾಟಿನ ಮೇಲಕ್ಕೆ ಎಳೆದಾಗ ಬುಡದಲ್ಲಿ ಬಾಗಿ, ತಂತಿ ಸಂಪರ್ಕ ಬಿಟ್ಟಿದೆ.

ತುದಿ ಕತ್ತರಿಸಿ ಹೊಸ ಆರ್‌ಜೆ-45 ಕನೆಕ್ಟರ್ ಹಾಕಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೊದಲ ಸಲ ಹೊರಗಿನ ಸಿಪ್ಪೆ ಕನೆಕ್ಟರ್ ಒಳಗೆ ಕೂರಲಿಲ್ಲ, ಅದು ಹಾಗೇ ಇದ್ದರೆ ಎಳೆತವೆಲ್ಲ ತಂತಿಗಳ ಮೇಲೇ ಬೀಳುತ್ತದೆ. ಅದನ್ನು ಕತ್ತರಿಸಿ ಎಸೆದು ಇನ್ನೊಂದು ಹಾಕಿದೆ. ಎಂಟೂ ದೀಪ ಹೊತ್ತಿದವು. ಲಿಂಕ್ 1000.

ಸ್ಪೀಡ್ ಟೆಸ್ಟ್: 312.

ಬುಧವಾರ

94ರಿಂದ 312 ದೊಡ್ಡ ನೆಗೆತವೇ, ಆದರೆ 480 ಎಲ್ಲಿ? ಈ ಸಲ ಒಂದೊಂದೇ ತುಂಡನ್ನು ಅಳೆದೆ. ಲ್ಯಾಪ್‌ಟಾಪನ್ನು ರೌಟರ್‌ನ ಇನ್ನೊಂದು ಪೋರ್ಟ್‌ಗೆ ಚುಚ್ಚಿ, ಡೆಸ್ಕ್‌ಟಾಪ್ ಜೊತೆ ಐಪರ್ಫ್3 (ಎರಡು ಕಂಪ್ಯೂಟರ್‌ಗಳ ನಡುವಿನ ಸ್ಪೀಡ್ ಅಳೆಯುವ ಪ್ರೋಗ್ರಾಮ್) ಓಡಿಸಿದೆ. 941. ಮತ್ತೆ ಅದೇ 0.941, ಈಗ 1000ದ್ದು. ಕೇಬಲ್ ಗಟ್ಟಿಯಾಗಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಇದು ರೌಟರ್‌ನ ಪರೀಕ್ಷೆ ಆಗುವುದಿಲ್ಲ. ಲ್ಯಾನ್‌ನಿಂದ ಲ್ಯಾನ್‌ಗೆ ಹೋಗುವ ಡೇಟಾ ಒಳಗಿನ ಸ್ವಿಚ್ ಚಿಪ್‌ನಲ್ಲೇ ದಾಟಿಬಿಡುತ್ತದೆ, ಪ್ರೊಸೆಸರ್ ಮುಟ್ಟುವುದೇ ಇಲ್ಲ. ಇಂಟರ್ನೆಟ್ಟಿನ ಡೇಟಾ ಹಾಗಲ್ಲ, ಪ್ರತಿ ಪ್ಯಾಕೆಟ್‌ನ ವಿಳಾಸ ಬದಲಾಯಿಸುವ ನ್ಯಾಟ್ ಕೆಲಸ ಆಗಬೇಕು. ಸ್ಪೀಡ್ ಟೆಸ್ಟ್ ಓಡುವಾಗಲೇ ರೌಟರ್ ಒಳಗೆ ಲಾಗಿನ್ ಆಗಿ, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್ ನೋಡಿದೆ. ಪ್ರೊಸೆಸರ್‌ನ ಒಂದು ಕೋರ್ ಪೂರ್ತಿ ಶೇಕಡಾ 100ರಲ್ಲಿ ನಿಂತಿತ್ತು.

ಆಗ ನೆನಪಾಯಿತು, ಆ ಹೂಂ. ವಿಡಿಯೋ ಕರೆಗೆ ಆದ್ಯತೆ ಅಂದರೆ ಕ್ಯೂಒಎಸ್. ಮನೆ ರೌಟರ್‌ಗಳಲ್ಲಿ ನ್ಯಾಟ್ ಕೆಲಸವನ್ನು ಪ್ರೊಸೆಸರ್ ಬದಲು ಹಾರ್ಡ್‌ವೇರ್ ಮಾಡುವ ಅಡ್ಡದಾರಿ ಇರುತ್ತದೆ. ಕ್ಯೂಒಎಸ್ ಹಾಕಿದರೆ ಪ್ಯಾಕೆಟ್‌ಗಳನ್ನು ಒಂದೊಂದಾಗಿ ನೋಡಿ ಸಾಲು ಹಚ್ಚಬೇಕು. ಹಾಗಾಗಿ ಎಷ್ಟೋ ರೌಟರ್‌ಗಳಲ್ಲಿ ಆ ಅಡ್ಡದಾರಿ ಮುಚ್ಚಿಹೋಗುತ್ತದೆ, ಎಲ್ಲ ಭಾರವೂ ಪ್ರೊಸೆಸರ್ ತಲೆಗೆ. ಹಳೆಯದರಲ್ಲಿ ಕ್ಯೂಒಎಸ್ ನಾನು ಯಾವತ್ತೂ ಹಾಕಿರಲಿಲ್ಲ.

ಆಫ್ ಮಾಡಿದೆ. 478, 481, 480. ಫೋನನ್ನು ಅದೇ ಜಾಗದಲ್ಲಿ ಹಿಡಿದು ನೋಡಿದೆ, 310 ಇದ್ದದ್ದು 430 ಆಯಿತು. ಶನಿವಾರ ಫೋನ್ ತೋರಿಸಿದ 310, ನಿನ್ನೆ ಕೇಬಲ್ ತೋರಿಸಿದ 312, ಎರಡೂ ಒಂದೇ ಗೋಡೆ. ವೈ-ಫೈ ಅಂದರೆ ಅಷ್ಟೇ ಇರುತ್ತದೆ ಅಂದುಕೊಂಡು ನಾನು ಅದನ್ನು ನೋಡಿಯೂ ದಾಟಿಬಿಟ್ಟಿದ್ದೆ.

ಶುಕ್ರವಾರ

ಒಂದು ಕೆಲಸ ಬಾಕಿ ಇದೆ. ಕ್ಯೂಒಎಸ್ ಇಲ್ಲದೆ ದೊಡ್ಡ ಅಪ್‌ಲೋಡ್ ನಡೆಯುವಾಗ ಪಿಂಗ್ (ಒಂದು ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯ) 6 ಮಿಲಿಸೆಕೆಂಡ್‌ನಿಂದ 90ರವರೆಗೆ ಏರುತ್ತಿದೆ. ಆಗ ಕರೆ ಮಾಡಿದರೆ ಧ್ವನಿ ತುಂಡಾಗುತ್ತದೆ, ಅದು ನನಗೆ ಸಣ್ಣ ವಿಷಯವಲ್ಲ. ಅಪ್‌ಲೋಡ್‌ಗೆ ಮಾತ್ರ ಮಿತಿ ಹಾಕಿ ನೋಡಿದೆ. ಪಿಂಗ್ 14ಕ್ಕೆ ಇಳಿಯಿತು, ಆದರೆ ಅಡ್ಡದಾರಿ ಮತ್ತೆ ಮುಚ್ಚಿ ಡೌನ್‌ಲೋಡ್ 340ಕ್ಕೆ ಬಂತು. ಈ ರೌಟರ್‌ನಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಸದ್ಯಕ್ಕೆ ಆಫ್ ಇಟ್ಟಿದ್ದೇನೆ. ಬ್ಯಾಕಪ್‌ಗಳನ್ನು ರಾತ್ರಿ ಎರಡು ಗಂಟೆಗೆ ಹಾಕಿದೆ, ಆ ಹೊತ್ತಿನಲ್ಲಿ ಯಾರೂ ಕರೆಯಲ್ಲಿರುವುದಿಲ್ಲ. ಬ್ಯಾಕಪ್ ಪ್ರೋಗ್ರಾಮ್‌ನಲ್ಲೇ ಅಪ್‌ಲೋಡ್ ಮಿತಿ ಹಾಕುವ ಆಯ್ಕೆ ಇದೆ, ನಾಳೆ ಅದನ್ನು ಹಾಕಿ ಹಗಲಲ್ಲಿ ಪಿಂಗ್ ಅಳೆಯುತ್ತೇನೆ. ಕೇಬಲ್‌ನ ಡೆಸ್ಕ್‌ಟಾಪ್ ಕಡೆಯ ತುದಿಯ ಕ್ಲಿಪ್ ಕೂಡ ಮುರಿದಿದೆ, ಟೆಸ್ಟರ್ ವಾಪಸ್ ಕೊಡುವ ಮೊದಲು ಅಲ್ಲೂ ಹೊಸ ಕನೆಕ್ಟರ್ ಹಾಕಬೇಕು.