ಕಫ ಬಾರದವರ ಕ್ಷಯ

ನಮ್ಮ ಲ್ಯಾಬಿಗೆ ಬರುವ ಕಫದ ಡಬ್ಬಿಗಳಲ್ಲಿ ಒಂದಷ್ಟರಲ್ಲಿ ಕಫವೇ ಇರುವುದಿಲ್ಲ. ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗಿಬಿಡುತ್ತದೆ. ತಿಳಿನೀರಿನಂಥ ಎಂಜಲು, ಅದರ ಮೇಲೆ ನೊರೆ, ಡಬ್ಬಿ ಓರೆ ಮಾಡಿದರೆ ಸರ್ರನೆ ಹರಿಯುತ್ತದೆ. ನಿಜವಾದ ಕಫ ಹಾಗೆ ಹರಿಯುವುದಿಲ್ಲ, ಗಟ್ಟಿಯಾಗಿ ಡಬ್ಬಿಯ ಗೋಡೆಗೆ ಅಂಟಿಕೊಂಡು ನಿಧಾನಕ್ಕೆ ಜಾರುತ್ತದೆ. ಎಂಜಲು ಬಂದರೆ 'ಮಾದರಿ ಸರಿಯಿಲ್ಲ, ಮತ್ತೆ ಕಳಿಸಿ' ಎಂದು ಬರೆಯುವುದು ವಾಡಿಕೆ. ಮತ್ತೆ ಕಳಿಸಿ ಎಂದು ಬರೆಸಿಕೊಂಡವರೆಲ್ಲ ಮತ್ತೆ ಬರುವುದಿಲ್ಲ. ಕ್ಷಯದ ಪತ್ತೆಯಲ್ಲಿ ನನ್ನನ್ನು ಹೆಚ್ಚು ಕಾಡುವವರು ಇವರೇ.

ಶ್ವಾಸಕೋಶದ ಟಿಬಿ ಇದ್ದವರೆಲ್ಲ ಗಂಟೆಗೊಮ್ಮೆ ಕೆಮ್ಮಿ ಕಫ ಉಗುಳುತ್ತಾರೆ ಎಂದುಕೊಳ್ಳಬಾರದು. ರೋಗ ಇನ್ನೂ ಆರಂಭದಲ್ಲಿದ್ದರೆ ಒಣ ಕೆಮ್ಮಷ್ಟೇ ಇರಬಹುದು, ಕೆಲವರಿಗೆ ಅದೂ ಇರುವುದಿಲ್ಲ. ಎಚ್‌ಐವಿ ಸೋಂಕು ಮುಂದುವರಿದವರಲ್ಲಿ ಶ್ವಾಸಕೋಶದಲ್ಲಿ ಪೊಳ್ಳು ಗುಳಿಗಳಾಗುವುದು ಕಡಿಮೆ. ಹಾಗಾಗಿ ಕಫವೂ ಕಡಿಮೆ, ಕಫದಲ್ಲಿ ರೋಗಾಣುಗಳೂ ಕಡಿಮೆ. ಇನ್ನು ವಯಸ್ಸಾದವರು. ಮಾದರಿ ಕೊಡುವ ಜಾಗದಲ್ಲಿ ಒಬ್ಬ ಅಜ್ಜಿ ಗೋಡೆ ಹಿಡಿದು ನಿಂತು, "ಎದೆಯಲ್ಲೇ ಇದೆ ಕಣಮ್ಮ, ಮೇಲೆ ಬರ್ತಾ ಇಲ್ಲ" ಎಂದದ್ದು ನೆನಪಿದೆ. "ನಿಧಾನಕ್ಕೆ ಉಸಿರು ಎಳ್ಕೊಳ್ಳಿ ಅಜ್ಜಿ, ಅವಸರ ಬೇಡ" ಎಂದೆ. ಅವರಲ್ಲಿ ಕೆಮ್ಮುವಷ್ಟು ಕಸುವೇ ಉಳಿದಿರಲಿಲ್ಲ. ಇಂಥವರಿಗೆ ಉಪ್ಪುನೀರಿನ ಆವಿ ಕೊಟ್ಟು ಕಫ ಬರಿಸಬಹುದು. ಅದಕ್ಕೆ ಉಪ್ಪುನೀರನ್ನು ಆವಿಯಂತೆ ಮಾಡುವ ನೆಬ್ಯುಲೈಜರ್ ಯಂತ್ರ ಬೇಕು, ಗಾಳಿಯಾಡುವ ಪ್ರತ್ಯೇಕ ಜಾಗ ಬೇಕು. ಅದೂ ಆಗದಿದ್ದರೆ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳಕ್ಕೆ ಕೊಳವೆ ಇಳಿಸುವುದು. ಸೊರಗಿದ ದೇಹಕ್ಕೆ ಅದು ಸಣ್ಣ ಮಾತಲ್ಲ.

ಕಫವನ್ನೇ ಯಾಕೆ ಇಷ್ಟು ಹಿಡಿದುಕೊಂಡೆವು? 1882ರಲ್ಲಿ ರಾಬರ್ಟ್ ಕಾಖ್ ಈ ರೋಗಾಣುವನ್ನು ತೋರಿಸಿದ ಮೇಲೆ ಬಹುಕಾಲ ನಮ್ಮ ಕೈಲಿದ್ದದ್ದು ಮುಖ್ಯವಾಗಿ ಮೈಕ್ರೋಸ್ಕೋಪ್. ಬಣ್ಣ ಹಾಕಿದ ರೋಗಾಣುಗಳು ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳಾಗಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇರಬೇಕು. ಅಷ್ಟೊಂದು ಒಟ್ಟಿಗೆ ಸಿಗುವುದು ಎದೆಯಾಳದಿಂದ ಬಂದ ಒಳ್ಳೆಯ ಕಫದಲ್ಲಿ ಮಾತ್ರ. ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದಕ್ಕೆ, ಅಷ್ಟು ಬೇಡ, ಆದರೆ ವಾರಗಟ್ಟಲೆ ಕಾಯಬೇಕು. 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಕ್ಸ್‌ಪರ್ಟ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಎರಡು ಗಂಟೆಯೊಳಗೆ ರೋಗಾಣುವಿನ ಡಿಎನ್‌ಎ ಇದೆಯೋ ಇಲ್ಲವೋ, ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೋ ಇಲ್ಲವೋ ಎರಡೂ ತಿಳಿಯತೊಡಗಿತು. ಅದರ ಮುಂದಿನ ರೂಪವಾದ ಅಲ್ಟ್ರಾ ಒಂದು ಮಿಲಿಲೀಟರ್‌ನಲ್ಲಿ ಹದಿನಾರರಷ್ಟು ರೋಗಾಣುಗಳಿದ್ದರೂ ಹಿಡಿಯಬಲ್ಲದು. ಯಂತ್ರದ ಕಣ್ಣು ಇಷ್ಟು ಚುರುಕಾದ ಮೇಲೆ ಬಾಯಿಯಲ್ಲೋ ಉಸಿರಿನಲ್ಲೋ ಇರುವ ಚೂರುಪಾರು ರೋಗಾಣುವೂ ಲೆಕ್ಕಕ್ಕೆ ಬಂತು. ಸುಲಭದ ಮಾದರಿಗಳ ಬಗ್ಗೆ ಈಗ ಇಷ್ಟು ಅಧ್ಯಯನ ನಡೆಯುತ್ತಿರುವುದಕ್ಕೆ ಇದೇ ಕಾರಣ.

ಇವುಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ನಾಲಿಗೆಯ ಸ್ವಾಬ್ ಮೇಲೆ, ಅಂದರೆ ತುದಿಗೆ ಮೆತ್ತನೆಯ ಎಳೆ ಸುತ್ತಿದ ಕಡ್ಡಿಯಿಂದ ನಾಲಿಗೆ ಉಜ್ಜಿ ತೆಗೆಯುವ ಮಾದರಿಯ ಮೇಲೆ. ಶ್ವಾಸಕೋಶದಿಂದ ಮೇಲೆ ಬರುವ ರೋಗಾಣುಗಳು ನಾಲಿಗೆಯ ಒರಟು ಮೇಲ್ಮೈಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೆನ್ನೆಯ ಒಳಭಾಗ, ವಸಡು, ನಾಲಿಗೆ ಮೂರನ್ನೂ ಹೋಲಿಸಿ ನೋಡಿದಾಗ ಹೆಚ್ಚು ಸಿಕ್ಕಿದ್ದು ನಾಲಿಗೆಯ ಮೇಲೆಯೇ. ವಿಧಾನ ಸರಳ. ನಾಲಿಗೆ ಚಾಚಲು ಹೇಳಬೇಕು. ಸ್ವಾಬನ್ನು ಸಾಧ್ಯವಾದಷ್ಟು ಹಿಂದಕ್ಕೆ ಇಟ್ಟು, ವಾಕರಿಕೆ ಬಾರದ ಹಾಗೆ ನೋಡಿಕೊಂಡು, ಹಿಂದಿನಿಂದ ಮುಂದಕ್ಕೆ ಕಡ್ಡಿಯನ್ನು ತಿರುಗಿಸುತ್ತಾ ಒತ್ತಿ ಉಜ್ಜಬೇಕು. ಹತ್ತು ಹದಿನೈದು ಸೆಕೆಂಡು ಸಾಕು. ಸುಮ್ಮನೆ ಸವರಿದರೆ ಎಂಜಲಷ್ಟೇ ಬರುತ್ತದೆ. ಸ್ವಾಬಿನ ತುದಿಗೆ ಬಿಳಿ ಲೇಪ ಹತ್ತಿದ್ದು ಕಣ್ಣಿಗೆ ಕಾಣಬೇಕು. ಬೆಳಿಗ್ಗೆ ಬಾಯಿ ಮುಕ್ಕಳಿಸುವ ಮೊದಲು, ಏನೂ ತಿನ್ನುವ ಮೊದಲು ತೆಗೆದರೆ ಒಳ್ಳೆಯದು. ಇದರಲ್ಲಿ ಯಾರೂ ಕೆಮ್ಮಬೇಕಾಗಿಲ್ಲ. ಎದುರಿಗೆ ನಿಂತ ಸಿಬ್ಬಂದಿಯ ಮುಖದತ್ತ ರೋಗಾಣು ತುಂಬಿದ ಹನಿ ಹಾರುವ ಭಯ ಅಷ್ಟರಮಟ್ಟಿಗೆ ಕಡಿಮೆ. ಈ ಕೆಲಸದಲ್ಲಿರುವವರಿಗೆ ಅದರ ಬೆಲೆ ಗೊತ್ತು.

ಆದರೆ ಕಫ ಕೊಡಬಲ್ಲವರಿಂದ ಕಫವನ್ನೇ ತೆಗೆದುಕೊಳ್ಳಬೇಕು. ಒಂದು ಸ್ವಾಬಿಗೆ ಹತ್ತುವ ರೋಗಾಣು ಕಡಿಮೆ. ಕಫದಲ್ಲಿ ಸಿಕ್ಕವರಲ್ಲಿ ಹೆಚ್ಚಿನವರು ಸ್ವಾಬಿನಲ್ಲೂ ಸಿಗುತ್ತಾರೆ, ಎಲ್ಲರೂ ಸಿಗುವುದಿಲ್ಲ. ತಪ್ಪಿಸಿಕೊಳ್ಳುವವರು ಬಹುಮಟ್ಟಿಗೆ ದೇಹದಲ್ಲಿ ರೋಗಾಣು ಕಡಿಮೆ ಇರುವವರೇ. ಅಂದರೆ ಯಾರಿಗಾಗಿ ಈ ವಿಧಾನ ಬೇಕಾಗಿತ್ತೋ ಅವರಲ್ಲೇ ಕೆಲವರು ಕೈಬಿಟ್ಟು ಹೋಗುತ್ತಾರೆ. ಹೀಗಾಗಿ ಸ್ವಾಬ್ ಪಾಸಿಟಿವ್ ಬಂದರೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ, ನೆಗೆಟಿವ್ ಬಂದರೆ ಅಲ್ಲಿಗೆ ಬಿಡುವುದಿಲ್ಲ.

ಮೂತ್ರದ ಪರೀಕ್ಷೆಯ ಕತೆ ಬೇರೆ. ಅಲ್ಲಿ ಹುಡುಕುವುದು ರೋಗಾಣುವನ್ನಲ್ಲ, ಅದರ ಹೊರಕವಚದಿಂದ ಕಳಚಿ ಬಂದ ಲ್ಯಾಮ್ ಎಂಬ ವಸ್ತುವನ್ನು. 60 ಮೈಕ್ರೋಲೀಟರ್ ಮೂತ್ರವನ್ನು, ಅಂದರೆ ಒಂದೆರಡು ಹನಿಯನ್ನು, ಪರೀಕ್ಷೆಯ ಕಾಗದದ ಪಟ್ಟಿಯ ಮೇಲೆ ಹಾಕಿ 25 ನಿಮಿಷ ಕಾಯಬೇಕು, ಲ್ಯಾಮ್ ಇದ್ದರೆ ಗೆರೆ ಮೂಡುತ್ತದೆ. ಯಂತ್ರ ಬೇಡ, ಕರೆಂಟ್ ಬೇಡ, ಹಾಸಿಗೆಯ ಪಕ್ಕದಲ್ಲೇ ಮಾಡಬಹುದು. ಗೆರೆ ಎಷ್ಟೋ ಸಲ ತೀರಾ ಮಸುಕಾಗಿರುತ್ತದೆ. ಕಿಟ್ ಜೊತೆ ಕೊಟ್ಟ ಕಾರ್ಡಿನ ಬಣ್ಣದ ಪಕ್ಕದಲ್ಲಿಟ್ಟು ಒಳ್ಳೆಯ ಬೆಳಕಿನಲ್ಲಿ ಓದಬೇಕು, ಊಹೆ ಮಾಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮೊದಲು ಇದನ್ನು ಶಿಫಾರಸು ಮಾಡಿತು, 2019ರಲ್ಲಿ ವ್ಯಾಪ್ತಿ ಹಿಗ್ಗಿಸಿತು, ಅದೂ ಎಚ್‌ಐವಿ ಇರುವವರಿಗೆ ಮಾತ್ರ. ಟಿಬಿಯ ಲಕ್ಷಣ ಇರುವ ಎಚ್‌ಐವಿ ರೋಗಿಗಳಲ್ಲೂ ಇದು ಹಿಡಿಯುವುದು ನೂರಕ್ಕೆ ಸುಮಾರು 42 ಜನರನ್ನು. ರೋಗನಿರೋಧಕ ಶಕ್ತಿ ಕುಸಿದಷ್ಟೂ ಹೆಚ್ಚು ಹಿಡಿಯುತ್ತದೆ. 42 ಎಂದರೆ ಕಡಿಮೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಆಸ್ಪತ್ರೆಗೆ ದಾಖಲಾದ ಎಚ್‌ಐವಿ ರೋಗಿಗಳಲ್ಲಿ ಈ ಪಟ್ಟಿಯನ್ನು ಬಳಸಿ ಚಿಕಿತ್ಸೆ ಶುರು ಮಾಡಿದಾಗ ಸಾವು ಕಡಿಮೆಯಾದದ್ದು ಆಫ್ರಿಕಾದಲ್ಲಿ ನಡೆದ ಪ್ರಯೋಗದಲ್ಲಿ ಕಂಡುಬಂದಿದೆ. ಹಾಸಿಗೆ ಹಿಡಿದವರಿಗೆ ಅರ್ಧ ಗಂಟೆಯಲ್ಲಿ ಸಿಗುವ ಉತ್ತರ ಸಣ್ಣದಲ್ಲ. ಔಷಧಕ್ಕೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಈ ಪಟ್ಟಿ ಹೇಳಲಾರದು. ಅದಕ್ಕೆ ಮತ್ತೊಂದು ಮಾದರಿ ಬೇಕೇ ಬೇಕು.

ಮಾಸ್ಕ್ ಮೂಲಕ ಮಾದರಿ ತೆಗೆಯುವ ಪ್ರಯತ್ನವೂ ನಡೆದಿದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ತಂಡ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದವರ ಜೊತೆ ಸೇರಿ ಮಾಡಿದ ಕೆಲಸ 2020ರಲ್ಲಿ ಪ್ರಕಟವಾಯಿತು. ಒಳಗೆ ಪದರವೊಂದನ್ನು ಇಟ್ಟ ಮಾಸ್ಕ್ ಹಾಕಿಕೊಂಡು ಸ್ವಲ್ಪ ಹೊತ್ತು ಸಹಜವಾಗಿ ಉಸಿರಾಡಿದರೆ ಸಾಕು, ರೋಗಾಣು ಆ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಒಬ್ಬರು ಗಾಳಿಗೆ ಎಷ್ಟು ರೋಗಾಣು ಬಿಡುತ್ತಿದ್ದಾರೆ ಎಂಬುದನ್ನೂ ಇದರಿಂದ ಅಂದಾಜಿಸಬಹುದು, ಮನೆಯವರ ಸುರಕ್ಷತೆಗೆ ಅದು ಮುಖ್ಯ. ಮಲದ ಮಾದರಿಯನ್ನು ಎಕ್ಸ್‌ಪರ್ಟ್‌ಗೆ ಹಾಕುವುದು ಹೆಚ್ಚಾಗಿ ಮಕ್ಕಳ ವಿಷಯದಲ್ಲಿ ನೆಲೆಗೊಂಡ ವಿಧಾನ, ಇಲ್ಲಿ ಅದನ್ನು ಬೆಳೆಸುವುದಿಲ್ಲ.

"ರಕ್ತದಲ್ಲೇ ನೋಡಿಬಿಡಿ ಮೇಡಂ" ಎಂದು ಕೇಳುವವರು ಬಹಳ. ರಕ್ತದಲ್ಲಿ ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ವಸ್ತು, ಹುಡುಕಿ ಟಿಬಿ ಹೇಳುವ ಕಿಟ್‌ಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಕಡಾಖಂಡಿತವಾಗಿ ಹೇಳಿದೆ. ಇಗ್ರಾ ಎಂಬ ರಕ್ತಪರೀಕ್ಷೆ ಸೋಂಕು ತಗುಲಿರುವ ಸೂಚನೆ ಕೊಡಬಲ್ಲದು, ಆ ಸೋಂಕು ಈಗ ರೋಗವಾಗಿದೆಯೇ ಎಂಬುದನ್ನು ಹೇಳಲಾರದು. ದುಡ್ಡು ಕೊಟ್ಟು ಇಂಥ ವರದಿ ಹಿಡಿದು ಬರುವವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

2023ರಲ್ಲಿ ಜಗತ್ತಿನಲ್ಲಿ ಸುಮಾರು 1.08 ಕೋಟಿ ಜನಕ್ಕೆ ಟಿಬಿ ಬಂತು, ಹೊಸದಾಗಿ ಪತ್ತೆಯಾಗಿ ದಾಖಲಾದವರು ಸುಮಾರು 82 ಲಕ್ಷ. ಉಳಿದವರೆಲ್ಲ ಕಫ ಬಾರದೆ ತಪ್ಪಿಹೋದವರು ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯನ್ನೇ ಮುಟ್ಟದವರು ಅವರಲ್ಲಿ ಎಷ್ಟೋ ಜನ. ಆದರೆ ಬಾಗಿಲ ತನಕ ಬಂದವರನ್ನು ಖಾಲಿ ಡಬ್ಬಿ ಕೊಟ್ಟು ವಾಪಸ್ ಕಳಿಸುವುದನ್ನು ನಿಲ್ಲಿಸುವುದು ನಮ್ಮ ಕೈಲಿದೆ. ಮಾದರಿ ತಿರಸ್ಕರಿಸುವ ಚೀಟಿಯಲ್ಲಿ ಇನ್ನೊಂದು ಸಾಲಿಗೆ ಜಾಗ ಇರಲಿ ಎಂಬುದು ನನ್ನ ಬೇಡಿಕೆ. ಕಫ ಬರುತ್ತಿಲ್ಲವಾದರೆ ಮುಂದೆ ಏನು ತೆಗೆಯಬೇಕು, ಯಾರು ತೆಗೆಯಬೇಕು ಎಂದು ಅದೇ ಚೀಟಿಯಲ್ಲಿ ಬರೆದಿರಬೇಕು.

ಇದನ್ನು ಓದುತ್ತಿರುವ ನಿಮಗೋ ನಿಮ್ಮವರಿಗೋ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಇಳಿಯುತ್ತಿರುವ ತೂಕ ಇದ್ದು ಕಫ ಬರುತ್ತಿಲ್ಲವಾದರೆ, ಡಬ್ಬಿ ತುಂಬಿಸಲೇಬೇಕೆಂದು ಎಂಜಲು ಉಗುಳಿ ಕೊಡಬೇಡಿ. "ನನಗೆ ಕಫ ಬರ್ತಾ ಇಲ್ಲ, ಬೇರೆ ಯಾವ ಮಾದರಿ ತಗೋತೀರಿ?" ಎಂದು ವೈದ್ಯರನ್ನು ನೇರವಾಗಿ ಕೇಳಿ. ಎಚ್‌ಐವಿ ಇದ್ದರೆ ಮೂತ್ರದ ಲ್ಯಾಮ್ ಪರೀಕ್ಷೆಯನ್ನು ಹೆಸರು ಹಿಡಿದು ಕೇಳಿ. ಸುಲಭದ ಮಾದರಿ ನೆಗೆಟಿವ್ ಬಂದೂ ತೊಂದರೆ ಹಾಗೇ ಮುಂದುವರಿದರೆ ಎದೆಯ ಎಕ್ಸ್‌ರೇ, ಆವಿ ಕೊಟ್ಟು ಬರಿಸಿದ ಕಫ, ಅಗತ್ಯ ಬಿದ್ದರೆ ಬ್ರಾಂಕೋಸ್ಕೋಪಿ ತನಕ ಹೋಗಲೇಬೇಕು.