ಪಾಸಿಟಿವ್ ರಿಪೋರ್ಟು, ಒಂದು ಫೋನ್ ಕರೆ

ಲ್ಯಾಬಿಗೆ ಸೇರಿ ಎಂಟು ತಿಂಗಳಾಗಿತ್ತು. ನಾನು ಬರೆದ ಎಎನ್‌ಎ (ಕೋಶದ ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ) ರಿಪೋರ್ಟ್ ಹಿಡಿದು ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ಪಾಸಿಟಿವ್, ಹೋಮೋಜೀನಿಯಸ್ ಅಂತ ಇದೆ ಸರ್. ಗೂಗಲ್‌ನಲ್ಲಿ ನೋಡಿದ್ರೆ ಲೂಪಸ್ ಅಂತೆ. ಕಿಡ್ನಿ ಹೋಗುತ್ತಾ?" ನನಗೆ ಬಾಯೇ ಬರಲಿಲ್ಲ. ಸುಸ್ತು, ಕೂದಲು ಉದುರುತ್ತೆ ಅಂತ ಹೋದವರಿಗೆ ಯಾರೋ ಈ ಟೆಸ್ಟ್ ಬರೆದಿದ್ದರು.

ಲೂಪಸ್ ಅನ್ನೋ ಕಾಯಿಲೆಯಲ್ಲಿ ದೇಹ ತನ್ನದೇ ಜೀವಕೋಶಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಅದನ್ನು ಹುಡುಕಲು ರಕ್ತದ ಸೀರಮ್ ತೆಳುಮಾಡಿ, ಲ್ಯಾಬಿನಲ್ಲಿ ಬೆಳೆಸಿದ ಹೆಪ್-2 ಅನ್ನೋ ಮನುಷ್ಯರ ಕೋಶಗಳಿರುವ ಸ್ಲೈಡ್ ಮೇಲೆ ಹಾಕುತ್ತೇವೆ. ಆಮೇಲೆ ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯ. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪ್‌ಗೆ ಕಣ್ಣಿಟ್ಟರೆ ಪ್ರತಿಕಾಯ ಅಂಟಿದ ಕಡೆ ಹಸಿರು ಕಾಣುತ್ತದೆ. ಹೋಮೋಜೀನಿಯಸ್ ಅನ್ನೋದು ಆ ಹಸಿರಿನ ಒಂದು ವಿನ್ಯಾಸದ ಹೆಸರು.

ಸೀನಿಯರ್ ಮೇಡಂ ಫ್ರಿಜ್‌ನಿಂದ ಆ ಸ್ಲೈಡ್ ತೆಗೆಸಿದರು.

"ಎರಡಾಗಿ ಒಡೀತಿರೋ ಕೋಶ ನೋಡಿದ್ಯಾ?"

"ನೋಡಿದೆ ಮೇಡಂ. ಕ್ರೋಮೋಸೋಮ್ ಹೊಳೀತಿದೆ, ಅದಕ್ಕೇ ಹೋಮೋಜೀನಿಯಸ್ ಅಂದೆ."

"ಪಕ್ಕದಲ್ಲಿ ಸುಮ್ನೆ ಕೂತಿರೋದು?"

ಅದನ್ನು ಸರಿಯಾಗಿ ನೋಡಿರಲಿಲ್ಲ. ಹೋಮೋಜೀನಿಯಸ್ ಆದರೆ ನ್ಯೂಕ್ಲಿಯಸ್ ತುಂಬ ಹಸಿರು ನುಣ್ಣಗೆ ಬಳಿದ ಹಾಗಿರಬೇಕು. ಇಲ್ಲಿ ಚಿರೋಟಿ ರವೆ ಒತ್ತಾಗಿ ಚೆಲ್ಲಿದ ಹಾಗಿತ್ತು. ಅದು ಡೆನ್ಸ್ ಫೈನ್ ಸ್ಪೆಕಲ್ಡ್. ಇದೊಂದೇ ಕಂಡರೆ ಲೂಪಸ್ ಇರುವ ಸಾಧ್ಯತೆ ಕಡಿಮೆ. ಆರೋಗ್ಯವಾಗಿರುವವರಲ್ಲೂ ಇದು ಬರುತ್ತದೆ.

ಇನ್ನು ಬರೀ 'ಪಾಸಿಟಿವ್' ಅನ್ನೋ ಪದಕ್ಕೂ ಜಾಸ್ತಿ ತೂಕ ಇಲ್ಲ. ಹಲವು ದೇಶಗಳ ಲ್ಯಾಬ್‌ಗಳು ಸೇರಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1:80ರಲ್ಲಿ, ಅಂದರೆ ಸೀರಮ್ ಎಂಬತ್ತು ಪಟ್ಟು ತೆಳುಮಾಡಿದಾಗ, ಆರೋಗ್ಯವಂತರಲ್ಲೇ ಸುಮಾರು ಶೇ. 13 ಮಂದಿ ಪಾಸಿಟಿವ್ ಇದ್ದರು. ಲೂಪಸ್ ಗುರುತಿಸಲು 2019ರಲ್ಲಿ ಬಂದ ಮಾನದಂಡದಲ್ಲೂ 1:80 ಅನ್ನೋದು ಹೊಸಿಲು ಮಾತ್ರ. ಅದನ್ನು ದಾಟಿದ ಮೇಲೆ ಡಿಎಸ್-ಡಿಎನ್‌ಎ, ಎಸ್‌ಎಂ ಅನ್ನೋ ಪ್ರತಿಕಾಯಗಳು, ಸಿ3, ಸಿ4 ಅನ್ನೋ ರಕ್ತದ ರಕ್ಷಣಾ ಪ್ರೋಟೀನ್‌ಗಳು, ಮೂತ್ರದ ಪ್ರೋಟೀನ್, ಕೀಲು, ಚರ್ಮ ಎಲ್ಲ ಲೆಕ್ಕಕ್ಕೆ ಬರುತ್ತವೆ. ಎಸ್‌ಎಂ ಎಲ್ಲ ರೋಗಿಗಳಲ್ಲೂ ಸಿಗಲ್ಲ. ಸಿಕ್ಕರೆ ಗಟ್ಟಿ ಸುಳಿವು. ಡಿಎಸ್-ಡಿಎನ್‌ಎ ಏರುತ್ತಾ ಸಿ3, ಸಿ4 ಇಳಿದರೆ ಡಾಕ್ಟರ್‌ಗಳು ಕಿಡ್ನಿ ಕಡೆ ಕಣ್ಣಿಡುತ್ತಾರೆ.

ಫೋನ್ ಮಾಡಿದ್ದ ಆ ಹೆಣ್ಣುಮಗಳ ಡಿಎಸ್-ಡಿಎನ್‌ಎ ನೆಗೆಟಿವ್ ಬಂತು, ಮೂತ್ರದಲ್ಲೂ ಪ್ರೋಟೀನ್ ಇರಲಿಲ್ಲ. ರಿಪೋರ್ಟ್ ತಿದ್ದಿ, ಡಾಕ್ಟರ್‌ಗೆ ನಾನೇ ಫೋನ್ ಮಾಡಿ ತಪ್ಪು ಹೇಳಿಕೊಂಡೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

ಈಗ ಒಡೆಯುವ ಕೋಶ, ಒಡೆಯದ ಕೋಶ ಎರಡನ್ನೂ ನೋಡದೆ ಪೆನ್ ಎತ್ತುವುದಿಲ್ಲ. ಟೆಸ್ಟ್ ಫಾರ್ಮಿನಲ್ಲಿ 'ರೋಗಲಕ್ಷಣ' ಅಂತ ಒಂದು ಖಾನೆ ಇದೆ ಅಲ್ವಾ, ಅದು ಖಾಲಿ ಬಂದರೆ ವಾರ್ಡಿಗೆ ಫೋನ್ ಮಾಡಿ ಕೇಳುತ್ತೇನೆ. ಹೆಚ್ಚಾಗಿ ಖಾಲಿಯೇ ಬರುತ್ತದೆ.